ರಬ್ಬರಿನ ತಯಾರಿಕೆಗೆ ಸಸ್ಯದೆಣ್ಣೆಗಳು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಎತ್ತರವಾದ ಗುಡ್ಡಗಳಲ್ಲಿ ಕಾಫಿಯೇ ಮುಖ್ಯವಾದ ಬೆಳೆ. ರಬ್ಬರು ಮರವು ಸೆಕೆಯನ್ನೂ ತೇವವನ್ನೂ ಬಯಸುವುದರಿಂದ, ಈ ಜಿಲ್ಲೆಯಲ್ಲಿ ನರಸಿಂಹರಾಜಪುರ, ಕೊಪ್ಪ ಮೊದಲಾದ ಕಡೆಗಳ ತಗ್ಗಿನ ಭೂಮಿಗಳಲ್ಲಿ ಅದನ್ನು ಬೆಳೆಸಿರುವರು. ಅದರ ಹಾಲಿನ ಬೆಲೆಯನ್ನು ಎಲ್ಲರೂ ಬಲ್ಲರು. ಉದುರುವ ಬೀಜವು ಮಾತ್ರ ಬಹುಮಟ್ಟಿಗೆ ಮಣ್ಣುಪಾಲಾಗುತ್ತದೆ. ಈ ಬೀಜದ ಎಣ್ಣೆಯು ರಬ್ಬರಿನ ಸಾಮಾನುಗಳ ತಯಾರಿಕೆಗೇ ಒದಗಬಲ್ಲುದೆಂಬುದು ತೋಟದ ಒಡೆಯರು ತಿಳಿಯತಕ್ಕ ವಿಷಯವಾಗಿದೆ.

ಗಂಧಕದೊಡನೆ ಕಾಯಿಸಿದರೆ ರಬ್ಬರು ಬಲವಾಗುವುದೆಂಬುದನ್ನು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಹಿಡಿದನು. ಕಾರ್ಖಾನೆಯಲ್ಲಿ ರಬ್ಬರನ್ನು ಉರುಳೆಗಳ ನಡುವೆ ಅರೆದು, ಗಂಧಕ, ಮಸಿಪುಡಿ ಮುಂತಾದುವನ್ನು ಸೇರಿಸುವರು. ಆಗ ಸ್ವಲ್ಪ ಎಣ್ಣೆಯನ್ನು ಹಾಕಿದರೆ ರಬ್ಬರು ಮೆದುವಾಗಿ, ಮಸಿಪುಡಿಯು ಸಮನಾಗಿ ಬೆರೆಯುತ್ತದೆ. ಇದಕ್ಕೆ ಸಾಮಾನ್ಯವಾಗಿ ಕಲ್ಲೆಣ್ಣೆಯಿಂದ ತೆಗೆದ ಎಣ್ಣೆಗಳು ಬಳಕೆಯಲ್ಲಿವೆ. ಇವುಗಳಲ್ಲಿ ಕೆಲವು ಕ್ಯಾನ್ಸರ್ ರೋಗಕ್ಕೆ ಕಾರಣವಾಗುವ ದ್ರವ್ಯಗಳನ್ನೊಳಗೊಂಡಿರುವುದರಿಂದ, ಐರೋಪ್ಯ ಒಕ್ಕೂಟವು 2010ರ ಜನವರಿಯಿಂದ ಟೈರುಗಳಲ್ಲಿ ಅವುಗಳ ಉಪಯೋಗಕ್ಕೆ ಮಿತಿಯನ್ನು ವಿಧಿಸಿತು.

ಸಸ್ಯದೆಣ್ಣೆಯ ಪ್ರಯೋಗವು ಹೊಸತಲ್ಲ. ಹರಳೆಣ್ಣೆಯಂತಹವನ್ನು ಗಂಧಕದೊಡನೆ ಕಾಯಿಸಿ ಮಾಡುವ ಫ್ಯಾಕ್ಟಿಸ್ ಎಂಬ ಪದಾರ್ಥವು ಪೆನ್ಸಿಲ್ ಬರಹವನ್ನು ಅಳಿಸುವ ರಬ್ಬರಿಗೆ ಬಹುಕಾಲದಿಂದ ಸೇರುತ್ತಿದೆ. ಆದರೆ ಎಣ್ಣೆಯು ಗಂಧಕದ ಒಂದಂಶವನ್ನು ತಾನೇ ಹೀರುವುದರಿಂದ ಪ್ರಮಾಣವನ್ನು ಅರಿತು ಹಾಕಬೇಕು. ಮಿತಿಮೀರಿದರೆ ರಬ್ಬರು ಬಲಗುಂದಿ, ಎಣ್ಣೆಯು ಮೇಲಕ್ಕೆ ಒಸರುವುದು.

ರಬ್ಬರು ಬೀಜದ ಒಣ ತಿರುಳಿನಲ್ಲಿ ನೂರಕ್ಕೆ ಸುಮಾರು 40 ಭಾಗ ಎಣ್ಣೆಯುಂಟು. ಬೀಜವು ಉದುರುವುದು ಮುಖ್ಯವಾಗಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಮಲೆನಾಡಿನ ತೊಡಕೆಲ್ಲ ಇಲ್ಲಿಯೇ. ಕಾಫಿಯ ಕಣವು ಆಗ ತೆರವಾಗಿದ್ದರೂ ಮಳೆಯ ದೆಸೆಯಿಂದ ಉಪಯೋಗಕ್ಕೆ ಬಾರದು. ತೇವದಲ್ಲಿ ಬಿದ್ದಿರುವ ಬೀಜವು ಬೂಷ್ಟು ಹಿಡಿದು, ಎಣ್ಣೆಯಲ್ಲಿ ಹುಳಿಯಂಶವು ಹೆಚ್ಚುತ್ತದೆ. ಆದಕಾರಣ ಬೀಜವನ್ನು ಆಗಿಂದಾಗ್ಗೆ ಆರಿಸಿ, ಬೆಂಕಿಯ ಮೇಲಣ ಅಟ್ಟದಲ್ಲಾಗಲಿ, ಬಿಸಿಗಾಳಿಯ ಗೂಡಿನಲ್ಲಾಗಲಿ ಒಣಗಿಸತಕ್ಕುದು.

ಇನ್ನೊಂದು ಎಚ್ಚರಿಕೆಯನ್ನು ಗ್ರಾಮದ ಹಿರಿಯರು ಎಲ್ಲರಿಗೂ ತಿಳಿಯಪಡಿಸಬೇಕು. ಈ ಬೀಜದಲ್ಲಿ ಸಯನೈಡು ವಿಷವನ್ನು ಹೊರಬಿಡುವ ಅಂಶವಿರುವುದು. ಹಸಿಯ ಬೀಜವನ್ನಾಗಲಿ, ಸಂಸ್ಕರಿಸದ ಹಿಂಡಿಯನ್ನಾಗಲಿ ದನಕರುಗಳ ಬಾಯಿಗೆ ಬೀಳಗೊಡಬಾರದು. ಹಿಂಡಿಯನ್ನು ಗೊಬ್ಬರದ ಗುಂಡಿಗೆ ಸೇರಿಸುವುದು ಕ್ಷೇಮ.

ಆಳುಗಳ ಕೂಲಿ, ಒಣಗಿಸುವ ಸೌದೆ, ಗಾಣಕ್ಕೆ ಸಾಗಿಸುವ ಬಾಡಿಗೆ, ಇವುಗಳನ್ನು ಕಳೆದು ಉಳಿಯುವುದೇ ಲಾಭ. ಒಬ್ಬೊಬ್ಬರ ಸಣ್ಣ ತೋಟಕ್ಕೆ ಇದು ಗಿಟ್ಟದಿರಬಹುದು. ಕೊಳ್ಳುವವರನ್ನು ಮೊದಲು ಗೊತ್ತುಮಾಡಿಕೊಂಡು, ಹತ್ತಾರು ಹಿಡುವಳಿದಾರರು ಕೂಡಿ ಒಂದೇ ಒಣಗೂಡನ್ನು ನಡೆಸುವುದು ಜಾಣತನವೆನಿಸುವುದು.