ಚಪ್ಪಲಿ ಜಾರಿದ ದಿನವೇ

ನಡೆಯುತ್ತಿದ್ದಂತೆ ಚಪ್ಪಲಿ ಕಾಲಿನಿಂದ ಜಾರುತ್ತದೆ. ಜಾರಿದ್ದು ಗೊತ್ತಾಗುತ್ತದೆ, ಬೆರಳಲ್ಲಿ ಹಿಡಿದಿಟ್ಟುಕೊಳ್ಳಲು ಮಾತ್ರ ಆಗುವುದಿಲ್ಲ. ಮಾರನೆಯ ದಿನ ಕುಕ್ಕರಗಾಲಲ್ಲಿ ಕೂತವರು ಏನನ್ನಾದರೂ ಹಿಡಿಯದೆ ಏಳಲಾರರು. ಕಾಲುಬೆರಳುಗಳಲ್ಲಿ ಜೋಮು, ಸೊಂಟದಲ್ಲಿ ನೋವು. ಮನೆಯವರು ಲಕ್ವ ಎಂದುಕೊಂಡು ಎಣ್ಣೆ ತಿಕ್ಕಿಸುತ್ತಾರೆ. ಪಾರಿವಾಳದ ರಕ್ತ ಹುಡುಕಿಕೊಂಡು ಹೋಗುವವರೂ ಇದ್ದಾರೆ. ಆದರೆ ಲಕ್ವ ಸಾಮಾನ್ಯವಾಗಿ ದೇಹದ ಒಂದು ಮಗ್ಗುಲಿಗೆ ಹೊಡೆಯುತ್ತದೆ, ಅದೂ ಒಮ್ಮೆಗೇ. ಇದು ಎರಡೂ ಕಾಲುಗಳನ್ನು ಹಿಡಿದು ದಿನದಿಂದ ದಿನಕ್ಕೆ ಮೇಲಕ್ಕೇರುತ್ತದೆ. ಹೆಸರು ಗಿಯಾನ್-ಬಾರೆ ಸಿಂಡ್ರೋಮ್. ಆಸ್ಪತ್ರೆಯವರ ಬಾಯಲ್ಲಿ ಜಿಬಿಎಸ್. ವರ್ಷಕ್ಕೆ ಲಕ್ಷದಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. 1916ರಲ್ಲಿ ಗಿಯಾನ್, ಬಾರೆ, ಸ್ಟ್ರೋಲ್ ಎಂಬ ಮೂವರು ವೈದ್ಯರು ಇಬ್ಬರು ಫ್ರೆಂಚ್ ಸೈನಿಕರಲ್ಲಿ ಇದನ್ನು ಗುರುತಿಸಿ ಬರೆದರು.

ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ಕೂತು ಇದರ ಕಥೆ ಹೇಳುವುದಾದರೆ ಕೋಳಿಯಿಂದಲೇ ಶುರುಮಾಡಬೇಕು. 1824ರಲ್ಲಿ ಸೇನೆಯ ಕುದುರೆಗಳಿಗಾಗಿ ಆರಂಭವಾದ ಫಾರಂ ಈ ಊರಿಗೆ ಹೆಸರು ತಂದಿತು. ಈಗ ಕೋಳಿ ಸಾಕಾಣಿಕೆಯನ್ನೇ ಕಲಿಸುವ ಕಾಲೇಜೂ ಇಲ್ಲಿದೆ. ಕ್ಯಾಂಪೈಲೊಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಕೋಳಿಯ ಕರುಳಿನಲ್ಲಿ, ಕೋಳಿಗೆ ಹೆಚ್ಚೇನೂ ತೊಂದರೆ ಕೊಡದೆ ಬದುಕುತ್ತದೆ. ಅರೆಬೆಂದ ಮಾಂಸ, ಕಾಯಿಸದ ಹಾಲು, ಕೊಳಕು ಬೆರೆತ ನೀರಿನ ಮೂಲಕ ನಮ್ಮ ಹೊಟ್ಟೆ ಸೇರಿದರೆ ನಾಲ್ಕಾರು ದಿನ ಭೇದಿ, ಜ್ವರ. ಬಹುತೇಕರಿಗೆ ಅಲ್ಲಿಗೆ ಮುಗಿಯಿತು. ಎಲ್ಲೋ ಸಾವಿರಕ್ಕೊಬ್ಬರಿಗೆ, ಭೇದಿ ನಿಂತು ಒಂದೆರಡು ವಾರವಾದ ಮೇಲೆ, ಕಾಲು ಸೋಲಲು ಶುರುವಾಗುತ್ತದೆ.

ಈ ಬ್ಯಾಕ್ಟೀರಿಯಾದ ಮೈಮೇಲಿನ ಸಕ್ಕರೆಯ ಸರಪಳಿಗಳು ನಮ್ಮ ನರಗಳ ಮೇಲಿರುವ ಗ್ಯಾಂಗ್ಲಿಯೋಸೈಡ್ ಎಂಬ ಅಣುಗಳನ್ನು ಹೋಲುತ್ತವೆ. ಹೊಲಕ್ಕೆ ನುಗ್ಗಿದ ಪರಊರ ದನಕ್ಕೂ ನಮ್ಮ ಹಟ್ಟಿಯ ದನಕ್ಕೂ ಒಂದೇ ಬರೆ ಇದ್ದರೆ ಕಾವಲುಗಾರ ಯಾವುದನ್ನೆಂದು ಬಿಟ್ಟಾನು? ಬ್ಯಾಕ್ಟೀರಿಯಾಕ್ಕೆಂದು ತಯಾರಾದ ಪ್ರತಿಕಾಯಗಳು ನರಕ್ಕೂ ಅಂಟಿಕೊಳ್ಳುತ್ತವೆ. ಕೆಲವರಲ್ಲಿ ನರದ ಮಯಲಿನ್ ಕವಚ ಹಾಳಾಗುತ್ತದೆ, ಕೆಲವರಲ್ಲಿ ಒಳಗಿನ ತಂತುವೇ. ಸ್ನಾಯು ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಅಪ್ಪಣೆ ತಲುಪುವುದಿಲ್ಲ.

ದೇಹ ಹೀಗೆ ತನ್ನದೇ ನರದ ಮೇಲೆ ಬೀಳುತ್ತದೆ ಎಂಬುದನ್ನು ನಮ್ಮ ಹಿರಿಯರ ಪೀಳಿಗೆ ಇನ್ನೊಂದು ದಾರಿಯಲ್ಲೂ ಕಂಡಿತ್ತು. ಹುಚ್ಚುನಾಯಿ ಕಚ್ಚಿದರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂದರೆ ಇಂದಿಗೂ ಹಳಬರು ಹೊಟ್ಟೆ ಮುಟ್ಟಿಕೊಳ್ಳುತ್ತಾರೆ. ಡೇವಿಡ್ ಸೆಂಪಲ್ ಕಸೌಲಿಯಲ್ಲಿ 1911ರಲ್ಲಿ ರೂಪಿಸಿದ ಆ ಲಸಿಕೆಯನ್ನು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು. ದಕ್ಷಿಣದವರಿಗೆ ಅದು ಬಹುಕಾಲ ಕೂನೂರಿನ ಪಾಶ್ಚರ್ ಸಂಸ್ಥೆಯಿಂದ ಬರುತ್ತಿತ್ತು. ಲಕ್ಷಾಂತರ ಜೀವ ಉಳಿಸಿದ ಲಸಿಕೆ ಅದು. ಆದರೆ ಕುರಿಯ ಮಿದುಳಿನ ಮಯಲಿನ್ ಕೂಡ ಅದರೊಂದಿಗೆ ಮೈಸೇರುತ್ತಿತ್ತು. ಅದರ ವಿರುದ್ಧ ಎದ್ದ ರೋಗನಿರೋಧಕ ಪಡೆ ಕೆಲವರ ಸ್ವಂತ ನರವ್ಯೂಹವನ್ನೂ ಬಿಡದೆ ಕೈಕಾಲು ಬೀಳಿಸಿತು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇಂಥ ರೋಗಿಗಳ ಬಗ್ಗೆ ಬರೆದಿದ್ದಾರೆ. 2005ರ ಹೊತ್ತಿಗೆ ದೇಶ ಆ ಲಸಿಕೆಯನ್ನು ಕೈಬಿಟ್ಟಿತು. ಈಗಿನ ಲಸಿಕೆಯಲ್ಲಿ ಮಿದುಳಿನ ಅಂಶವಿಲ್ಲ, ಹಳೆಯ ಹೆದರಿಕೆಯಿಂದ ನಾಯಿ ಕಡಿತಕ್ಕೆ ಇಂಜೆಕ್ಷನ್ ತಪ್ಪಿಸುವುದು ಪ್ರಾಣಕ್ಕೇ ಕುತ್ತು.

ಮತ್ತೆ ಜಿಬಿಎಸ್‌ಗೆ ಬರೋಣ. 2025ರ ಜನವರಿಯಿಂದ ಕೆಲವೇ ವಾರಗಳಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ ಇನ್ನೂರರ ಆಸುಪಾಸು ಜನ ಜಿಬಿಎಸ್‌ನಿಂದ ಆಸ್ಪತ್ರೆ ಸೇರಿದರು. ಹಲವರ ಮಲದ ಮಾದರಿಯಲ್ಲಿ ಸಿಕ್ಕಿದ್ದು ಇದೇ ಕ್ಯಾಂಪೈಲೊಬ್ಯಾಕ್ಟರ್, ಅನುಮಾನ ಹೋದದ್ದು ಕುಡಿಯುವ ನೀರಿನ ಮೇಲೆ. ಜಿಬಿಎಸ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ನೀರು ಕೆಟ್ಟರೆ ಮಾತ್ರ ಒಂದೇ ಬಡಾವಣೆಯ ಹತ್ತಾರು ಮನೆಗಳಿಗೆ ಒಟ್ಟಿಗೇ ಬರಬಹುದು.

ಚಿಕಿತ್ಸೆ ಎರಡು ಬಗೆ. ರಕ್ತದ ಪ್ಲಾಸ್ಮಾವನ್ನು ಹಲವು ಸಲ ತೆಗೆದು ಬದಲಾಯಿಸಿ ಪ್ರತಿಕಾಯಗಳನ್ನು ಹೊರಹಾಕುವುದು ಒಂದು. ಸಾವಿರಾರು ರಕ್ತದಾನಿಗಳ ಪ್ಲಾಸ್ಮಾದಿಂದ ಪಡೆದ ಇಮ್ಯುನೊಗ್ಲಾಬ್ಯುಲಿನ್ ಅನ್ನು ಐದು ದಿನ ಡ್ರಿಪ್ ಮೂಲಕ ಕೊಡುವುದು ಇನ್ನೊಂದು. 60 ಕಿಲೋ ತೂಗುವವರಿಗೆ ಒಟ್ಟು 120 ಗ್ರಾಂ ಬೇಕು, ಬಡವರ ಮನೆಯನ್ನು ಅಡವಿಡಿಸುವಷ್ಟು ದುಬಾರಿ. ಫಲದಲ್ಲಿ ಎರಡೂ ಸರಿಸಮ. ಇಮ್ಯುನೊಗ್ಲಾಬ್ಯುಲಿನ್ ಕೊಡಿಸಲಾಗಲಿಲ್ಲವೆಂದು ಯಾರೂ ಎದೆಗುಂದಬೇಕಿಲ್ಲ, ಪ್ಲಾಸ್ಮಾ ಬದಲಾವಣೆ ಮಾಡುವ ಆಸ್ಪತ್ರೆಯನ್ನು ಕೇಳಿ ಹೋಗಬೇಕು. ಸ್ಟೀರಾಯ್ಡ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಜೀವ ಹೋಗುವುದು ಕಾಲಿನಿಂದಲ್ಲ, ಉಸಿರಿನಿಂದ. ನಾಲ್ಕೈದು ರೋಗಿಗಳಲ್ಲಿ ಒಬ್ಬರಿಗೆ ಉಸಿರಾಟದ ಸ್ನಾಯುಗಳೂ ಸೋತು ವೆಂಟಿಲೇಟರ್ ಬೇಕಾಗುತ್ತದೆ. ದೀರ್ಘವಾಗಿ ಉಸಿರೆಳೆದು ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಲು ವೈದ್ಯರು ಹೇಳುವುದು ಇದಕ್ಕಾಗಿಯೇ. ಇಪ್ಪತ್ತು ದಾಟಲಾಗದಿದ್ದರೆ ಅಪಾಯ ಹತ್ತಿರದಲ್ಲಿದೆ. ಆ ಕಂಟಕ ದಾಟಿದವರಲ್ಲಿ ಹೆಚ್ಚಿನವರು ಆರು ತಿಂಗಳಲ್ಲಿ ತಾವೇ ನಡೆಯುತ್ತಾರೆ. ತಂತುವೇ ಹಾಳಾದವರಿಗೆ ತಡ. ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ಸೊಂಟದಿಂದ ಪಾದಕ್ಕೆ ಹತ್ತಿರ ಹತ್ತಿರ ಒಂದು ಮೀಟರ್ ದಾರಿ.

ಜಿಬಿಎಸ್‌ನ ದಾಯಾದಿ ಕಾಯಿಲೆ ಮಯಸ್ತೇನಿಯಾ ಗ್ರೇವಿಸ್. ಅದರಲ್ಲಿ ಪೆಟ್ಟು ಬೀಳುವುದು ನರವೂ ಸ್ನಾಯುವೂ ಸೇರುವ ಜಾಗಕ್ಕೆ. ಬೆಳಿಗ್ಗೆ ಸರಿಯಿದ್ದ ರೆಪ್ಪೆ ಸಂಜೆಗೆ ಜೋತುಬೀಳುತ್ತದೆ, ಊಟದ ನಡುವೆ ದವಡೆ ಸೋಲುತ್ತದೆ. ಅದಕ್ಕೆ ಮಾತ್ರೆಗಳಿವೆ, ನಿಭಾಯಿಸಬಹುದು.

ಮತ್ತಿಗಿರಿಯಿಂದ ಅತ್ತಿಬೆಲೆ ದಾಟಿ ನಿಮ್ಹಾನ್ಸ್‌ಗೆ ಸುಮಾರು 40 ಕಿಲೋಮೀಟರ್. ಅದು ಇರುವುದೂ ಹೊಸೂರು ರಸ್ತೆಯಲ್ಲೇ. ಮನೆಯಲ್ಲಿ ಯಾರಿಗಾದರೂ ಎರಡೂ ಕಾಲು ಒಟ್ಟಿಗೇ ಸೋಲತೊಡಗಿದರೆ ಎಣ್ಣೆ ತಿಕ್ಕಿಸುತ್ತಾ ದಿನ ಕಳೆಯಬೇಡಿ, ಅಂದೇ ಹೊರಡಿ. ಮಾತು ಕ್ಷೀಣಿಸಿದ್ದರೆ, ನುಂಗಲು ಆಗದಿದ್ದರೆ, ಉಸಿರು ಕಿರಿದಾಗಿದ್ದರೆ ಬೆಂಗಳೂರಿನವರೆಗೂ ಕಾಯದೆ, ವೆಂಟಿಲೇಟರ್ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ.