ಗೋಡೆಯ ಸೊಳ್ಳೆ, ಟಾಂಕಿಯ ಸೊಳ್ಳೆ

ಠಾಣೆ ಜಿಲ್ಲೆಯ ಡೊಂಬಿವಲಿಯ ಹಳೆಯ ಕಟ್ಟಡವೊಂದರ ಟೆರೇಸು ಹತ್ತಿ ನೋಡಿ. ಸಾಲಾಗಿ ಕೂತ ನೀರಿನ ಟಾಂಕಿಗಳಲ್ಲಿ ಒಂದರ ಮುಚ್ಚಳವಾದರೂ ಒಡೆದಿದ್ದರೆ ಆಶ್ಚರ್ಯವಿಲ್ಲ. ಅನಾಫಿಲಿಸ್ ಸ್ಟೀಫೆನ್ಸಿಗೆ ಅಷ್ಟು ಸಾಕು. ಮಲೇರಿಯಾ ಹರಡುವ ಈ ಸೊಳ್ಳೆ ಗಟಾರವನ್ನು ಮೂಸಿಯೂ ನೋಡುವುದಿಲ್ಲ. ಅದಕ್ಕೆ ನಾವು ಕುಡಿಯುವ ತಿಳಿನೀರೇ ಬೇಕು.

ಸೊಳ್ಳೆಗೊಂದು ಸ್ವಭಾವ, ಆ ಸ್ವಭಾವಕ್ಕೆ ತಕ್ಕ ಮದ್ದು. ಇದನ್ನು ಬದುಕಿಡೀ ಬೆನ್ನುಹತ್ತಿದ ಕೀಟವಿಜ್ಞಾನಿ ಟಿ. ರಾಮಚಂದ್ರ ರಾವ್. ‘ದಿ ಅನಾಫಿಲೈನ್ಸ್ ಆಫ್ ಇಂಡಿಯಾ’ ಎಂಬ ಹೆಬ್ಬೊತ್ತಿಗೆ ಬರೆದವರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ನಿರ್ದೇಶಕರೂ ಆಗಿದ್ದರು. ಅವರ ಆರಂಭದ ದೊಡ್ಡ ಕೆಲಸ ನಡೆದದ್ದು ಮಾತ್ರ ಕನ್ನಡ ನೆಲದಲ್ಲಿ. ಆಗ ಠಾಣೆ, ಧಾರವಾಡ, ಉತ್ತರ ಕನ್ನಡ ಮೂರೂ ಮುಂಬಯಿ ಪ್ರಾಂತ್ಯಕ್ಕೇ ಸೇರಿದ್ದವು.

ಅಲ್ಲಿನ ಘಟ್ಟದ ಹಳ್ಳಿಗಳಲ್ಲಿ ಆಗ ಚಳಿಜ್ವರ ಮನೆಮನೆಯ ನೆಂಟ. ಮಕ್ಕಳ ಹೊಟ್ಟೆ ಮುಟ್ಟಿದರೆ ಜ್ವರಗಡ್ಡೆ, ಅಂದರೆ ಊದಿದ ಗುಲ್ಮ, ಕೈಗೆ ಸಿಗುತ್ತಿತ್ತು. ಅಲ್ಲಿನ ಅಪರಾಧಿ ಅನಾಫಿಲಿಸ್ ಫ್ಲುವಿಯಾಟಿಲಿಸ್, ನಿಧಾನವಾಗಿ ಹರಿಯುವ ಹಳ್ಳಗಳಲ್ಲಿ ಹುಟ್ಟುವಂಥದ್ದು. ಕಾಡಿನ ಹಳ್ಳಕ್ಕೆಲ್ಲ ಔಷಧಿ ಹಾಕುವವರು ಯಾರು? 1940ರ ದಶಕದ ನಡುವಿನಲ್ಲಿ ಮಲೇರಿಯಾ ತಜ್ಞ ಡಿ.ಕೆ. ವಿಶ್ವನಾಥನ್ ಮತ್ತು ರಾವ್ ಹಳ್ಳ ಬಿಟ್ಟು ಮನೆಯ ಗೋಡೆ ಹಿಡಿದರು. ರಕ್ತ ಕುಡಿದು ಭಾರವಾದ ಹೆಣ್ಣು ಸೊಳ್ಳೆ ಗೋಡೆಗೆ ಒರಗುತ್ತದೆ. ಗೋಡೆಗೆ ಡಿಡಿಟಿ ಹೊಡೆದಿದ್ದರೆ ಅಲ್ಲೇ ಅದರ ಕಥೆ ಮುಗಿಯಿತು. ಮಲೇರಿಯಾದ ಪರೋಪಜೀವಿ ಸೊಳ್ಳೆಯ ಒಡಲಲ್ಲಿ ಬಲಿಯಲು ಸುಮಾರು 10–12 ದಿನ ಬೇಕು. ಸೊಳ್ಳೆ ಅಷ್ಟು ದಿನ ಬದುಕದಿದ್ದರೆ ರೋಗ ದಾಟುವುದಿಲ್ಲ. ಎಷ್ಟು ಸರಳ ಲೆಕ್ಕ! ಮುಂದೆ 1953ರಲ್ಲಿ ಶುರುವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಹಿಡಿದದ್ದೂ ಇದೇ ದಾರಿಯನ್ನು. ವರ್ಷಕ್ಕೆ ಸುಮಾರು 7.5 ಕೋಟಿಯಿದ್ದ ರೋಗಿಗಳ ಸಂಖ್ಯೆ 1961ರ ಹೊತ್ತಿಗೆ 50 ಸಾವಿರದ ಆಸುಪಾಸಿಗೆ ಇಳಿಯಿತು. ಆಮೇಲೆ ಸೊಳ್ಳೆ ಡಿಡಿಟಿಗೆ ಒಗ್ಗಿತು, ನಾವು ಮೈಮರೆತೆವು. 1976ರಲ್ಲಿ ಮತ್ತೆ 64 ಲಕ್ಷ.

ಘಟ್ಟದ ಈ ಮದ್ದು ಕಲ್ಯಾಣದ ಫ್ಲ್ಯಾಟಿಗೆ ಒಪ್ಪದು. ಬಣ್ಣ ಬಳಿದ ಗೋಡೆಗೆ ಔಷಧಿ ಹೊಡೆಯಲು ಯಾರು ಬಿಟ್ಟಾರು? ಅದಕ್ಕೇ 1971ರ ನಗರ ಮಲೇರಿಯಾ ಯೋಜನೆ ಮರಿಹುಳುಗಳ ಮೇಲೆ ಕಣ್ಣಿಟ್ಟಿತು. ನವಿಮುಂಬಯಿಯಂತೆ ಸದಾ ಕಟ್ಟುತ್ತಲೇ ಇರುವ ಊರಿನಲ್ಲಿ ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆ ನಿಲ್ಲಿಸಿದ ನೀರು, ಲಿಫ್ಟಿನ ಗುಂಡಿ, ಡ್ರಮ್ಮು, ಎಲ್ಲವೂ ಸ್ಟೀಫೆನ್ಸಿಯ ತೊಟ್ಟಿಲೇ. ಪಕ್ಕದ ಶೆಡ್ಡಿನಲ್ಲಿ ಮಲಗುವ ಕೂಲಿಗಳಿಗೆ, ಅವರಲ್ಲಿ ನಮ್ಮ ಕಲಬುರಗಿ, ವಿಜಯಪುರದವರೂ ಇದ್ದಾರೆ, ಮೊದಲ ಕಡಿತ. ಸಂಜೆ ಹೊಗೆಗಾಡಿ ಬಂದರೆ ನಮಗೆ ಸಮಾಧಾನ. ನನಗದು ಬಹುಪಾಲು ತೋರಿಕೆಯೆಂದೇ ಅನಿಸುತ್ತದೆ: ಹೊಗೆ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ಟಾಂಕಿಯೊಳಗಿನ ಮರಿಗೆ ಅದು ತಟ್ಟುವುದಿಲ್ಲ.

2012ರಲ್ಲಿ ಇದೇ ಸೊಳ್ಳೆ ಆಫ್ರಿಕದ ಜಿಬೂಟಿಯಲ್ಲಿ ಕಾಣಿಸಿಕೊಂಡಿತು, ಮುಂದೆ ಇಥಿಯೋಪಿಯದಲ್ಲೂ. ಅಲ್ಲಿನ ನಗರಗಳು ಈಗ ನಮ್ಮ ಹಳೆಯ ಪಾಠ ಓದುತ್ತಿವೆ.

ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನವೇ ಸಾಕು. ಈ ಭಾನುವಾರ ಟಾರ್ಚು ಹಿಡಿದು ನಿಮ್ಮ ಟಾಂಕಿಯೊಳಗೆ ಇಣುಕಿ. ಮರಿಹುಳು ತಲೆಕೆಳಗಾಗಿ ನೇತಾಡದೆ ನೀರಿನ ಮೇಲ್ಮೈಗೆ ಸಮನಾಗಿ ಚಪ್ಪಟೆ ಮಲಗಿದ್ದರೆ ಅದು ಅನಾಫಿಲಿಸ್. ಮುಚ್ಚಳದ ಜೊತೆ ಓವರ್‌ಫ್ಲೋ ಪೈಪಿನ ಬಾಯಿಗೂ ಜಾಳಿಗೆ ಕಟ್ಟಿಸಿ.