ಬಿಪಿ ಮಾತ್ರೆ: ನಾವಾಗಿಯೇ ನಿಲ್ಲಿಸುವುದು ಬೇಡ

ದೇಹವು ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್ ಎಂಬ ಮಾತನ್ನು ಜುಮಾ ಖುತ್ಬಾಗಳಲ್ಲಿ ನಾವು ಅನೇಕ ಬಾರಿ ಕೇಳಿದ್ದೇವೆ. ಕಾಯಿಲೆ ಬಂದರೆ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಮೊದಲು ಒಂಟೆಯನ್ನು ಕಟ್ಟಿ, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಉಪದೇಶವೂ ನಮಗೆ ಗೊತ್ತು. ಆದರೂ ನಮ್ಮ ಮನೆಗಳಲ್ಲಿ ಬಹಳ ಸುಲಭವಾಗಿ ಕೈಬಿಡುವ ಚಿಕಿತ್ಸೆಯೊಂದಿದೆ. ಅದು ಬಿಪಿ ಮಾತ್ರೆ. ಬಿಪಿ ಇರುವ ವಯಸ್ಕರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ ಅದು ಹತೋಟಿಯಲ್ಲಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ.

ನಾರ್ಮಲ್ ಆದ ಮೇಲೂ ಮಾತ್ರೆ ಯಾಕೆ?

ಈ ಮಾತ್ರೆ ರಕ್ತದೊತ್ತಡವನ್ನು ಇಳಿಸಿ ಹಿಡಿದಿಡುತ್ತದೆ, ಬೇರುಸಹಿತ ಕೀಳುವುದಿಲ್ಲ. ಅಳತೆ ಸರಿಬಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ. ನಿಲ್ಲಿಸಿದರೆ ಕೆಲವು ದಿನ ಅಥವಾ ವಾರಗಳಲ್ಲಿ ಒತ್ತಡ ಮತ್ತೆ ಏರುತ್ತದೆ. ಏರಿದಾಗ ಹೆಚ್ಚಿನವರಿಗೆ ನೋವಿಲ್ಲ, ಸುಸ್ತಿಲ್ಲ. ಹಾಗಾಗಿ ಮೊದಲ ಸೂಚನೆಯೇ ಪಾರ್ಶ್ವವಾಯು ಅಥವಾ ಹೃದಯಾಘಾತ ಆಗಿಬಿಡಬಹುದು. ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೋನಿಡಿನ್‌ನಂತಹ ಔಷಧಿಗಳನ್ನು ಥಟ್ಟನೆ ನಿಲ್ಲಿಸುವುದು ಇನ್ನೂ ಅಪಾಯ.

"ಮಾತ್ರೆ ತಿಂದರೆ ಕಿಡ್ನಿ ಹಾಳಾಗುತ್ತದೆ" ಎಂಬ ಮಾತು ನಮ್ಮಲ್ಲಿ ಹರಿದಾಡುತ್ತಿದೆ. ವಾಸ್ತವದಲ್ಲಿ ಕಿಡ್ನಿಯನ್ನು ಕೆಡಿಸುವುದು ಹತೋಟಿ ತಪ್ಪಿದ ಬಿಪಿ. ಗಂಟುನೋವಿಗೆಂದು ವೈದ್ಯರನ್ನು ಕೇಳದೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಬಿಪಿಯನ್ನೂ ಏರಿಸುತ್ತವೆ, ಕಿಡ್ನಿಗೂ ಹಾನಿ ಮಾಡಬಲ್ಲವು. ಎಚ್ಚರ ಬೇಕಾದದ್ದು ಅಲ್ಲಿ.

ಸೇವಿಸುವ ಕ್ರಮ

ದಿನಾ ಒಂದೇ ಹೊತ್ತಿಗೆ ಸೇವಿಸಬೇಕು. ವೈದ್ಯರು ಹೇಳಿದ ಹೊತ್ತಿಗೆ ಹತ್ತಿರದ ನಮಾಝ್ ಯಾವುದೋ ಅದಕ್ಕೆ ಹೊಂದಿಸಿಕೊಂಡರೆ ಮರೆವು ಕಡಿಮೆ. ಮರೆತರೆ, ನೆನಪಾದಾಗ ಸೇವಿಸಬಹುದು. ಮುಂದಿನ ಮಾತ್ರೆಯ ಹೊತ್ತು ಹತ್ತಿರವಾಗಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗಬೇಡಿ.

ಗಲ್ಫ್‌ನಿಂದ ಮಕ್ಕಳು ತರುವ ಮಾತ್ರೆಗಳ ವಿಷಯದಲ್ಲೂ ಜಾಗ್ರತೆ ಇರಲಿ. ಹೆಸರು ಬೇರೆಯಾದರೂ ಒಳಗಿನ ಔಷಧಿ ಒಂದೇ ಇರಬಹುದು. ಇಲ್ಲಿನ ಅಮ್ಲೋಡಿಪಿನ್ ಜೊತೆ ಅಲ್ಲಿನದ್ದೂ ಸೇರಿದರೆ ಪ್ರಮಾಣ ಇಮ್ಮಡಿಯಾಗುತ್ತದೆ. ಇರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ವೈದ್ಯರಿಗೆ ತೋರಿಸಿ. ನೆರೆಯವರಿಗೆ ಒಗ್ಗಿದ ಮಾತ್ರೆ ನಮಗೂ ಒಗ್ಗಬೇಕೆಂದಿಲ್ಲ. ಟೆಲ್ಮಿಸಾರ್ಟನ್, ಲೋಸಾರ್ಟನ್, ಎನಾಲಾಪ್ರಿಲ್ ಗರ್ಭದಲ್ಲಿರುವ ಮಗುವಿಗೆ ಹಾನಿಕರ. ಮಗುವಿನ ನಿರೀಕ್ಷೆಯಲ್ಲಿರುವ ಸಹೋದರಿಯರು ಮೊದಲೇ ವೈದ್ಯರಿಗೆ ತಿಳಿಸಬೇಕು.

ರಮಝಾನ್‌ನಲ್ಲಿ

ಹಗಲು ಮಾತ್ರೆ ನುಂಗಿದರೆ ಉಪವಾಸ ಮುರಿಯುತ್ತದೆ ಎಂದು ಕೆಲವರು ತಿಂಗಳಿಡೀ ಔಷಧಿಯನ್ನೇ ಬಿಡುತ್ತಾರೆ. ಇದರ ಅಗತ್ಯವಿಲ್ಲ. ದಿನಕ್ಕೊಮ್ಮೆ ಸೇವಿಸುವ ಹೆಚ್ಚಿನ ಮಾತ್ರೆಗಳನ್ನು ಇಫ್ತಾರ್ ಅಥವಾ ಸಹರಿಯ ಹೊತ್ತಿಗೆ ಬದಲಿಸಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಹಗಲಿನಲ್ಲಿ ನೀರಿನಂಶ ಇಳಿದು ತಲೆ ತಿರುಗಬಹುದು. ಆದ್ದರಿಂದ ಶಅಬಾನ್‌ನಲ್ಲೇ ವೈದ್ಯರನ್ನು ಕಂಡು ಹೊತ್ತನ್ನೂ ಪ್ರಮಾಣವನ್ನೂ ಗೊತ್ತುಮಾಡಿಕೊಳ್ಳೋಣ. ಉಪವಾಸ ಬೇಡವೆಂದು ವೈದ್ಯರು ಹೇಳಿದರೆ, ಕಾಯಿಲೆಯವರಿಗೆ ಅಲ್ಲಾಹನು ಸೂರಃ ಅಲ್ ಬಕರಾದ 184 ಮತ್ತು 185ನೇ ವಚನಗಳಲ್ಲಿ ರಿಯಾಯಿತಿ ನೀಡಿದ್ದಾನೆ. ಖಝಾ ಆಗುತ್ತದೆಯೋ ಫಿದ್ಯಾ ಕೊಡಬೇಕೋ ಎಂಬುದನ್ನು ಖತೀಬರಲ್ಲಿ ಕೇಳಿ ತಿಳಿದುಕೊಳ್ಳಬಹುದು.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಇರಬೇಕು. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಒಣಮೀನು, ಹಪ್ಪಳ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ.

ತೊಂದರೆ ಕಂಡರೆ

ಅಮ್ಲೋಡಿಪಿನ್‌ನಿಂದ ಕೆಲವರಿಗೆ ಕಾಲಿನ ಮಣಿಗಂಟು ಬಾತುಕೊಳ್ಳುತ್ತದೆ. ಎನಾಲಾಪ್ರಿಲ್, ರಾಮಿಪ್ರಿಲ್‌ನಿಂದ ಒಣಕೆಮ್ಮು ಬರಬಹುದು. ಮಾತ್ರೆ ಎಸೆಯಬೇಡಿ, ವೈದ್ಯರಿಗೆ ಹೇಳಿ. ಬದಲಿ ಔಷಧಿ ಇದೆ. ಮುಖ, ತುಟಿ, ನಾಲಿಗೆ ಊದಿಕೊಂಡರೆ ಮಾತ್ರ ಮುಂದಿನ ಮಾತ್ರೆ ತೆಗೆದುಕೊಳ್ಳದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸುಬ್‌ಹಿಗೆ ಏಳುವಾಗ ತಲೆ ತಿರುಗುವವರು ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಕುಳಿತು ಬಳಿಕ ನಿಲ್ಲಬೇಕು. ವಾಂತಿಭೇದಿ ಆದ ದಿನ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ.

ಮನೆಯಲ್ಲಿ ಅಳೆಯುವಾಗ 5 ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟದಲ್ಲಿಡಿ. ಅಳತೆ 180/120 ದಾಟಿ, ಎದೆನೋವು, ಉಸಿರಾಟದ ಕಷ್ಟ ಇದ್ದರೆ ಕೂಡಲೇ 108ಕ್ಕೆ ಕರೆ ಮಾಡಿ. ಬಾಯಿ ಓರೆಯಾಗುವುದು, ಒಂದು ಬದಿಯ ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರಂತೂ ಅಳತೆಗೂ ಕಾಯಬಾರದು.

ಖರ್ಚಿನ ಕಾರಣಕ್ಕೆ ಯಾರೂ ಮಾತ್ರೆ ಬಿಡಬೇಕಾಗಿಲ್ಲ. ಮಡಂತ್ಯಾರಿನವರಿಗೆ ಬೆಳ್ತಂಗಡಿ ತಾಲೂಕು ಆಸ್ಪತ್ರೆಯಿದೆ, ಪುಂಜಾಲಕಟ್ಟೆ ಕಡೆಯವರಿಗೆ ಬಂಟ್ವಾಳದ್ದಿದೆ. ಸರಕಾರಿ ಆಸ್ಪತ್ರೆಗಳಲ್ಲಿ ಬಿಪಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ನಮ್ಮ ಮಹಲ್ಲಿನ ಹಿರಿಯರಲ್ಲಿ "ಮಾತ್ರೆ ತೆಗೆದುಕೊಂಡಿರಾ?" ಎಂದು ಈ ವಾರ ಒಮ್ಮೆ ವಿಚಾರಿಸೋಣ. ಮುಗಿದಿದ್ದರೆ ತಂದುಕೊಡೋಣ. ಅಲ್ಲಾಹನು ನಮ್ಮೆಲ್ಲರಿಗೂ ಆಫಿಯತ್ ಕರುಣಿಸಲಿ, ಆಮೀನ್.